ಮಾಸ್ಟ್ರ ಮೇಲೊಂದು ದೂರು

ಲೋಕದ ಮಕ್ಕಳಿಗೆಲ್ಲ ಗಣಿತ ಕಲಿಸಬಹುದು, ಕಟ್ಟಿಕೊಂಡ ಹೆಂಡತಿಗೆ ಮಾತ್ರ ಕಲಿಸಬಾರದು. ಕುಂಬ್ರದ ಹತ್ತಿರದ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಮಾಸ್ಟ್ರಾಗಿದ್ದು ನಿವೃತ್ತನಾದ ಮೇಲೆ ನನಗೆ ಬಂದ ಜ್ಞಾನ ಇದು. ಎಂಟನೆಯ ಕ್ಲಾಸಿನಲ್ಲೇ ಶಾಲೆ ಬಿಟ್ಟಿದ್ದ ನನ್ನ ಹೆಂಡತಿ ಸುಮತಿ, ಐವತ್ತಾರನೆಯ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿಗೆ ಕಟ್ಟಿದಳು. ಎಲ್ಲದರಲ್ಲೂ ಪಾಸು, ನನ್ನ ಗಣಿತದಲ್ಲಿ ಫೇಲು! ಎರಡನೆಯ ಸಲದ ತಯಾರಿಯಲ್ಲಿ ನಾನೊಂದು ದಿನ ಪೆನ್ಸಿಲ್ ಎಸೆದೆ. ಅವಳು ಪುಸ್ತಕ ಮುಚ್ಚಿ, "ಇನ್ನು ನಾನು ಪರೀಕ್ಷೆ ಬರಿಯುದಿಲ್ಲ" ಅಂದಳು.

ಹೀಗೆ ಅವಳು ನನ್ನೊಡನೆ ಮಾತು ಬಿಟ್ಟಿದ್ದಾಗಲೇ ಪುತ್ತೂರಿನ ನಿವೃತ್ತ ಮಾಸ್ಟ್ರುಗಳ ತಂಡದೊಂದಿಗೆ ನಾವಿಬ್ಬರೂ ವಿಯೆಟ್ನಾಮಿಗೆ ಹೊರಟೆವು. ಹನೋಯ್‌ನಲ್ಲಿ ಕನ್ಫ್ಯೂಷಿಯಸ್ ಎಂಬ ಹಳೆಯ ಗುರುವಿನ ಗುಡಿಯುಂಟು, ಹಿಂದೆ ಅದೇ ದೊಡ್ಡ ವಿದ್ಯಾಲಯವೂ ಆಗಿತ್ತು. ಅಲ್ಲಿ ಕೈಮುಗಿದರೆ ಇವಳ ಮನಸ್ಸು ತಿರುಗೀತು ಎಂದು ನನ್ನ ಆಸೆ. ಗುಡಿಯ ಬಾಗಿಲಿಗೆ ಬಂದದ್ದೇ ಊರಿನ ಅಭ್ಯಾಸದಂತೆ ಅಂಗಿ ಬಿಚ್ಚಿ ಹೆಗಲಿಗೆ ಹಾಕಿದೆ. ಕಾವಲುಗಾರ ಓಡಿ ಬಂದ. "ಹಾಕಿ ಮಾರಾಯ್ರೆ, ಇದು ಸುಬ್ರಹ್ಮಣ್ಯ ಅಲ್ಲ" ಎಂದಳು ಸುಮತಿ. ವಾರದ ನಂತರ ಅವಳಾಡಿದ ಮೊದಲ ಮಾತು. ಮರ್ಯಾದೆ ಹೋದರೂ ನನಗೆ ಖುಷಿಯಾಯಿತು.

ಅಂಗಳದಲ್ಲಿ ಕಲ್ಲಿನ ಆಮೆಗಳ ಬೆನ್ನ ಮೇಲೆ ಶಾಸನಗಳು, ಅವುಗಳಲ್ಲಿ ದೊಡ್ಡ ಪರೀಕ್ಷೆ ಪಾಸಾದವರ ಹೆಸರು. "ಫೇಲಾದವರದ್ದು ಎಲ್ಲುಂಟು?" ಎಂದು ಕೇಳಿದಳು. ಗೈಡ್ ಇಂಗ್ಲಿಷಿನಲ್ಲಿ ಕೊಟ್ಟ ಉತ್ತರವನ್ನು ಕನ್ನಡ ಮಾಡಬೇಕಾದವನು ನಾನೇ. "ಅವರಲ್ಲಿ ಸುಮಾರು ಜನ ಊರಿಗೆ ಹೋಗಿ ಮಾಸ್ಟ್ರಾಗ್ತಿದ್ರಂತೆ" ಎಂದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕಳು.

ಒಳಗೆ ಗುರುವಿನ ಪ್ರತಿಮೆಯ ಮುಂದೆ ತುಂಬ ಹೊತ್ತು ಕಣ್ಣುಮುಚ್ಚಿ ನಿಂತಳು. ಹೊರಬಂದ ಮೇಲೆ ತಡೆಯಲಾರದೆ ಕೇಳಿದೆ, "ಎಂತ ಹರಕೆ ಹೇಳಿದೆ?"

"ಹರಕೆ ಅಲ್ಲ, ದೂರು. ಇವರು ಮಾಸ್ಟ್ರುಗಳಿಗೆಲ್ಲ ಹೆಡ್ಮಾಸ್ಟ್ರಲ್ವಾ? ಎರಡನೇ ಸಲ ಕೇಳಿದ್ರೆ ನೀವು ಬೈತೀರಿ, ಮೂರನೇ ಸಲ ಕೇಳ್ಲಿಕ್ಕೆ ನನಗೆ ಹೆದರಿಕೆ ಆಗ್ತದೆ ಅಂತ ಹೇಳಿದೆ."

ನನಗೆ ನಿಜಕ್ಕೂ ನಾಚಿಕೆಯಾಯಿತು. "ಅವರೆಂತ ಹೇಳಿದ್ರು?"

"ಎಂತದೂ ಇಲ್ಲ. ಬಾಯಿಮುಚ್ಚಿ ಪೂರ್ತಿ ಕೇಳಿದ್ರು. ನಿಮಗೆ ಅಷ್ಟು ಬಂದ್ರೆ ಸಾಕು, ನಾನು ಬರೀತೇನೆ."

ಬಸ್ಸಿನಲ್ಲಿ ಕೂತದ್ದೇ ಬ್ಯಾಗಿನಿಂದ ಪುಸ್ತಕ ಹೊರಬಂತು. ಬಿಟ್ಟುಬಂದಿದ್ದಾಳೆ ಎಂದುಕೊಂಡಿದ್ದೆ! ಒಂದೇ ಪ್ರಮೇಯವನ್ನು ಅವಳು ಐದು ಸಲ ಕೇಳಿದಳು. ಹಲ್ಲುಕಚ್ಚಿ ಐದು ಸಲವೂ ಹೇಳಿದೆ. ಐದನೆಯ ಸಲ ಹೇಳುವಾಗ ನನಗೇ ಗೊತ್ತಾಯಿತು. ನಡುವಿನ ಒಂದು ಹಂತವನ್ನು ನಾನು ಪ್ರತಿಸಲವೂ ಹಾರಿಸುತ್ತಿದ್ದೆ, ಮೂವತ್ತನಾಲ್ಕು ವರ್ಷವೂ ಹಾಗೆಯೇ ಹಾರಿಸಿದ್ದೆ. ಅರ್ಥವಾಗಲಿಲ್ಲ ಸರ್ ಎಂದವರ ಕಿವಿಯನ್ನೂ ಹಿಂಡಿದ್ದೆ.