ನೆರಳಿಲ್ಲದ ಮೋಡ

ದೆವ್ವಕ್ಕೆ ನಾನು ಹೆದರುವವಳಲ್ಲ. ಹೆದರುವುದು ಮೋಡಕ್ಕೆ. ಹೀಗೆಂದರೆ ಜನ ನಗುತ್ತಾರೆ, ಆದರೆ ನನ್ನ ಹೊಟ್ಟೆಪಾಡೇ ಅಂಥದ್ದು. ಹೈದರಾಬಾದಿನ ಒಂದು ಕಂಪನಿಯಲ್ಲಿ ಕೂತು, ಉಪಗ್ರಹ ಕಳಿಸಿದ ಚಿತ್ರಗಳಲ್ಲಿ ಅಭಯಾರಣ್ಯಗಳ ಅಂಚನ್ನು ನೋಡುವುದು, ಹಳೆಯ ಚಿತ್ರದ ಪಕ್ಕ ಹೊಸದನ್ನಿಟ್ಟು ಎಲ್ಲಿ ಕಾಡು ಹೋಯಿತು, ಎಲ್ಲಿ ಬಂತು ಎಂದು ಗುರುತು ಹಾಕುವುದು ನನ್ನ ಕೆಲಸ. ಮೈಸೂರಿನಿಂದ ನನ್ನ ಜೊತೆ ರೈಲು ಹತ್ತಿದ ಗೆಳತಿಯರೆಲ್ಲ ಪರದೇಶದ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದ ಕಾಲ ಅದು. ಗಂಡಿನ ಕಡೆಯವರು "ಹುಡುಗಿ ಸಾಫ್ಟ್‌ವೇರಾ?" ಎಂದು ಕೇಳಿದರೆ ನಮ್ಮಮ್ಮ, "ಕಂಪ್ಯೂಟರೇ, ಆದ್ರೆ ಅದರಲ್ಲಿ ಕಾಡು ನೋಡ್ತಾಳೆ" ಎನ್ನುತ್ತಿದ್ದಳು. ಅವರು ಕಾಫಿ ಮುಗಿಸಿ ಎದ್ದು ಹೋಗುತ್ತಿದ್ದರು.

ಕಾಡು ನೋಡುವುದು ಕಷ್ಟವೇನಲ್ಲ. ನಮ್ಮ ಚಿತ್ರಗಳಲ್ಲಿ ಗಿಡಮರಗಳೆಲ್ಲ ಕೆಂಪಗೆ ಕಾಣುತ್ತವೆ, ಬೋಳು ನೆಲ ಬೆಳ್ಳಗೆ. ತೊಂದರೆ ಏನೆಂದರೆ ಮೋಡವೂ ಬೆಳ್ಳಗೇ. ಮೋಡವಾದರೆ ಆಚೀಚೆ ಎಲ್ಲಾದರೂ ಅದರ ಕರಿ ನೆರಳು ಬಿದ್ದಿರುತ್ತದೆ. ನೆರಳಿಲ್ಲದಿದ್ದರೆ ಯಾರೋ ಕಾಡು ಕಡಿದಿದ್ದಾರೆಂದು ಅರ್ಥ. ಅರಣ್ಯದವರ ಜೀಪು ಅಲ್ಲಿಗೆ ಹೋಗುತ್ತದೆ. ನಮ್ಮ ಮೇಲಧಿಕಾರಿ ರಾವ್‌ಗಾರು ನನ್ನ ಬೆನ್ನ ಹಿಂದೆ ನಿಂತು "ನೀಡ ಚೂಡಮ್ಮಾ, ನೀಡ" ಎಂದು ಜಪ ಮಾಡುತ್ತಿದ್ದರು. ತೆಲುಗಿನಲ್ಲಿ ನೀಡ ಎಂದರೆ ನೆರಳು. ಹೊಸತರಲ್ಲಿ ಅದು ನನಗೆಲ್ಲಿ ಗೊತ್ತು? ಏನನ್ನೋ ನೀಡು ಅನ್ನುತ್ತಿದ್ದಾರೆಂದು ತಿಳಿದು ಪೆನ್ನು ಕೊಟ್ಟೆ, ಸ್ಕೇಲು ಕೊಟ್ಟೆ, ಕೊನೆಗೆ ಡಬ್ಬಿಯ ಚಿತ್ರಾನ್ನವನ್ನೂ ನೀಡಿದೆ. ಚಿತ್ರಾನ್ನ ತಿಂದ ಮೇಲೂ ಅವರು ನೀಡ, ನೀಡ ಎಂದಾಗ ಅನುಮಾನ ಬಂತು.

ನಾನಿದ್ದದ್ದು ನಾರಾಯಣಗೂಡದ ಒಂದು ಹಳೇ ಮನೆಯ ಮಹಡಿ ಕೋಣೆಯಲ್ಲಿ. ಕೆಳಗೆ ಮನೆಯೊಡತಿ ಶರಣಮ್ಮನವರು ಒಬ್ಬರೇ. ಗುಲಬರ್ಗಾ ಕಡೆಯ ಹೆಣ್ಣು. ಮದುವೆಯಾಗಿ ಬಂದವರು ಇಲ್ಲೇ ಮುದುಕಿಯಾದರು. ತರಕಾರಿಯವನ ಹತ್ತಿರ ತೆಲುಗಿನಲ್ಲಿ ಚೌಕಾಸಿ, ಆಟೋದವನ ಹತ್ತಿರ ಹಿಂದಿಯಲ್ಲಿ ಜಗಳ, ದೇವರ ಹತ್ತಿರ ಮತ್ತು ನನ್ನ ಹತ್ತಿರ ಮಾತ್ರ ಕನ್ನಡ. ನನ್ನ ಕೆಲಸವೇನೆಂದು ತಿಳಿದ ದಿನದಿಂದ ಅವರು ಮಾಳಿಗೆಯ ಮೇಲೆ ಹಪ್ಪಳ ಒಣಗಿಸುವಾಗ ತಲೆ ತುಂಬ ಸೆರಗು ಹೊದೆಯುತ್ತಿದ್ದರು. "ಮ್ಯಾಲಿಂದ ನೋಡಾಕತ್ತಿರ್ತಾರ ತಂಗಿ, ಏನು ತಿಳ್ಕೊಂಡಾರು?" ಉಪಗ್ರಹಕ್ಕೆ ಅಷ್ಟು ದೃಷ್ಟಿ ಇಲ್ಲ, ಅದಕ್ಕೆ ಒಂದು ಅಂಗಳವೆಂದರೆ ಒಂದು ಚುಕ್ಕೆ ಅಷ್ಟೆ ಎಂದು ಹೇಳಿದೆ. "ಅಂಗಳ ಕಾಣ್ತೈತಿ ಅಂದ್ರ ಅಂಗಳದಾಗ ನಿಂತಾಕಿ ಕಾಣಂಗಿಲ್ಲೇನು?" ಎಂದರು. ಒಮ್ಮೆ ಚಿತ್ರದ ಒಂದು ಪ್ರಿಂಟನ್ನು ತಂದು ತೋರಿಸಿದೆ. ಬಹಳ ಹೊತ್ತು ನೋಡಿ, "ಕಾಡಿನ ಮೈಯಾಗ ಇಷ್ಟು ರಕ್ತ ಐತೇನು?" ಎಂದರು. ಆಮೇಲೆ ಆ ಕೆಂಪನ್ನು ನೋಡುವಾಗೆಲ್ಲ ನನಗೆ ಅದೇ ನೆನಪಾಗುತ್ತಿತ್ತು.

ಅವರ ತವರು ಬೇವಿನಗಡ್ಡಿ ಇದ್ದದ್ದು ನಾನು ನೋಡುತ್ತಿದ್ದ ಗಡಿಭಾಗದ ಅಭಯಾರಣ್ಯದ ಅಂಚಿನಲ್ಲೇ. ಅಣ್ಣ ತೀರಿಕೊಂಡ ಮೇಲೆ ಅಲ್ಲಿಂದ ಯಾರೂ ಹಬ್ಬಕ್ಕೆ ಕರೆದಿರಲಿಲ್ಲ, ಇವರೂ ಹೋಗಿರಲಿಲ್ಲ. "ಒಂದೀಟು ನೋಡಿ ಹೇಳವ್ವ. ನಮ್ಮ ತವರು ತಣ್ಣಗ ಐತೇನು?"

ನೋಡಿದೆ. ಹಳೆಯ ಚಿತ್ರದಲ್ಲಿ ಅಲ್ಲಿ ಬಿಳಿ ಚುಕ್ಕೆಗಳ ಒಂದು ಗುಂಪಿತ್ತು. ಹೊಸದರಲ್ಲಿ ಕೆಂಪು ಮುಚ್ಚಿಕೊಂಡಿತ್ತು. ಊರಿಗೆ ಊರೇ ಎದ್ದುಹೋಗಿ ಕಾಡು ಒಳಗೆ ಬಂದಿತ್ತು. ನಮ್ಮ ಲೆಕ್ಕದಲ್ಲಿ ಅದು ಶುಭವಾರ್ತೆ. ಕಾಡು ಬೆಳೆದಿದೆಯೆಂದು ರಾವ್‌ಗಾರು ಎಲ್ಲರಿಗೂ ಮೈಸೂರುಪಾಕು ಹಂಚಿದರು. ನಾನೂ ಎರಡು ತುಂಡು ಕಟ್ಟಿಕೊಂಡು ಬಂದು, "ತಣ್ಣಗಿದೆ ಅಮ್ಮ. ತಂಪೋ ತಂಪು, ಎಲ್ಲಾ ಮರ" ಎಂದೆ. ಶರಣಮ್ಮ ಮೈಸೂರುಪಾಕನ್ನು ಕೈಯಲ್ಲೇ ಹಿಡಿದುಕೊಂಡರು. "ಅಂಗಳ ಕಾಣ್ಲಿಲ್ಲೇನು?" ಎಂದು ಕೇಳಿದರು. ಇಲ್ಲವೆಂದೆ. ಎಂಥ ಮಾತು ಆಡಿದೆನೆಂದು ಹೊಳೆದದ್ದು ಮಹಡಿ ಮೆಟ್ಟಿಲು ಹತ್ತುವಾಗ. ಸಂಕಟವಾಯಿತು, ಆದರೆ ಆಡಿದ ಮಾತನ್ನು ವಾಪಸು ಪಡೆಯುವ ಉಪಗ್ರಹ ಇನ್ನೂ ಹಾರಿಲ್ಲ.

ಚಳಿಗಾಲದ ಒಂದು ಬೆಳಿಗ್ಗೆ ಅವರು ಜಗಲಿಯಲ್ಲಿ ಕಾಲು ಚಾಚಿ ಕೂತು, "ತಂಗಿ, ಸೂಜಿ ಐತೇನು? ಮುಳ್ಳು ನೆಟ್ಟೈತಿ" ಎಂದರು. ತೆಗೆದು ನೋಡಿದರೆ ಜಾಲಿಯ ಮುಳ್ಳು. ನಮ್ಮ ಓಣಿಯಲ್ಲಿ ಇರುವುದು ಸಿಮೆಂಟು, ಕೋಚಿಂಗ್ ಸೆಂಟರಿನ ಬೋರ್ಡು ಮತ್ತು ಸ್ಕೂಟರುಗಳು. ಜಾಲಿ ಎಲ್ಲಿಂದ ಬರಬೇಕು? "ಎಲ್ಲಿ ಹೋಗಿದ್ರಿ ಅಮ್ಮ?" ಎಂದೆ. "ಎಲ್ಲಿಗೂ ಇಲ್ಲ ಬಿಡು. ಕನಸಿನಾಗ ತವರಿಗೆ ಹೋಗಿದ್ದೆ. ಅಂಗಳ ತುಂಬ ಗಿಡ ಬೆಳದು ನಿಂತಿದ್ವು. ಎಲ್ಲಾ ಕಿತ್ತು, ಕಸಾ ಹೊಡದು, ಸಗಣಿ ಹಾಕಿ ಸಾರಿಸಿ ಬಂದೆ. ಭಾಳ ದಣದೀನಿ." ಅವರ ಬೆರಳ ಸಂದಿಯಲ್ಲಿ ಹಸಿರು ಕಲೆ ಇತ್ತು. ಕೊತ್ತಂಬರಿ ಸೋಸಿರಬೇಕು ಎಂದುಕೊಂಡು ಬಸ್ಸಿಗೆ ಓಡಿದೆ. ವಿಜ್ಞಾನ ಓದಿದವರಿಗೆ ಕೊತ್ತಂಬರಿ ದೊಡ್ಡ ಆಸರೆ.

ಆಮೇಲೆ ಬಂದ ಚಿತ್ರದಲ್ಲಿ, ಆ ಕೆಂಪಿನ ನಟ್ಟನಡುವೆ, ಅವರ ಊರಿದ್ದ ಜಾಗದಲ್ಲಿ ಒಂದೇ ಒಂದು ಬಿಳಿ ಚುಕ್ಕೆ ಇತ್ತು. ಒಂದು ಅಂಗಳದಷ್ಟು. ನೆರಳಿಗಾಗಿ ಹುಡುಕಿದೆ. ಬಲಕ್ಕೆ ಇಲ್ಲ, ಎಡಕ್ಕೆ ಇಲ್ಲ, ಇಡೀ ಚಿತ್ರದಲ್ಲೇ ಮೋಡದ ಸುಳಿವಿಲ್ಲ. ಎಸಿ ಜೋರಾಗಿದೆಯೆಂದು ಸ್ವೆಟರು ಹಾಕಿಕೊಂಡೆ. ಮೈಕೂದಲು ಮಾತ್ರ ನಿಂತೇ ಇದ್ದವು. ನಿಯಮದ ಪ್ರಕಾರ 'ಕಾಡು ಕಡಿಯಲಾಗಿದೆ' ಎಂದು ಬರೆಯಬೇಕು. ಬರೆದರೆ ಜೀಪು ಹೋಗುತ್ತದೆ, ಆ ಜಾಗವನ್ನು ಅಗೆದು ಸಸಿ ನೆಡುತ್ತಾರೆ. ಈ ಲೋಕದಲ್ಲಿ ಶರಣಮ್ಮನವರ ತವರೆಂದು ಉಳಿದಿರುವುದು ಆ ಒಂದು ಚುಕ್ಕೆ. ನಾನು 'ಮೋಡ' ಎಂದು ಬರೆದೆ.

ರಾವ್‌ಗಾರು ಬಂದು ಬಗ್ಗಿ ನೋಡಿದರು. "ನೀಡ ಏದಮ್ಮಾ?" ನೆರಳೆಲ್ಲಿ ಎಂದು. ಅವರು ಪರದೆಯನ್ನು ನೋಡಿದರು, ನನ್ನ ಮುಖವನ್ನು ನೋಡಿದರು, ಮತ್ತೆ ಪರದೆಯನ್ನು ನೋಡಿದರು. ಆಮೇಲೆ ಶಾಂತವಾಗಿ, "ಚಿನ್ನ ಮಬ್ಬು" ಎಂದು ಹೇಳಿ ಹೊರಟುಹೋದರು. ಸಣ್ಣ ಮೋಡ. ಆ ದಿನದಿಂದ ಅವರು ನನ್ನ ಬೆನ್ನ ಹಿಂದೆ ನಿಲ್ಲುವುದನ್ನು ಬಿಟ್ಟರು.

ಸಂಜೆ ಶರಣಮ್ಮ ದೇವರ ಮುಂದೆ ದೀಪ ಹಚ್ಚುತ್ತಾ, "ತವರು ತಣ್ಣಗ ಐತೇನವ್ವ?" ಎಂದರು.

"ತಣ್ಣಗಿದೆ ಅಮ್ಮ. ಅಂಗಳವೂ ಕಾಣಿಸ್ತು."

"ಕಾಣಬೇಕಲ್ಲ ಮತ್ತ," ಎಂದರು, ಆಶ್ಚರ್ಯವೇ ಇಲ್ಲದೆ. "ಮುಂದಿನ ಅಂಗಳ ಅಷ್ಟ ಸ್ವಚ್ಛ ಆಗೈತಿ. ಹಿತ್ತಲ ಇನ್ನೂ ಹಂಗ ಐತಿ."

ದೀಪದ ಎದುರು ಕೂತಿದ್ದ ಅವರ ಹಿಂದಿನ ಗೋಡೆಯನ್ನು ನೋಡಿದೆ. ಕೆಲಸದ ಅಭ್ಯಾಸ, ಬೇರೇನಲ್ಲ. ನೆರಳು ಇತ್ತು. ಉಸಿರು ಬಿಟ್ಟು, ಹೋಗಲಿ ಎಂದು ನನ್ನದನ್ನೂ ಒಮ್ಮೆ ನೋಡಿಕೊಂಡೆ. ದೆವ್ವಕ್ಕೆ ನಾನು ಈಗಲೂ ಹೆದರುವುದಿಲ್ಲ. ಹಿತ್ತಲಿಗೆ ಇನ್ನೊಂದು ಮೋಡ ಎಲ್ಲಿಂದ ತರಲಿ ಎನ್ನುವುದೇ ನನ್ನ ಚಿಂತೆ.