ಮಿಸ್ಡ್ ಕಾಲ್ ಮಾಸ್ತರರ ಒಂದು ರಿಂಗು

ಮಾಸ್ತರರ ಸಂಸಾರದಲ್ಲಿ ಬಿರುಗಾಳಿ ಎಬ್ಬಿಸಿದ್ದು ಒಂದು ಹಳದಿ ಕೊಡೆ.

ಮಾಸ್ತರರೆಂದರೆ ಶಾಲೆಯ ಮಾಸ್ತರರಲ್ಲ, ಟೈಲರ್ ಮಾಸ್ತರರು. ಕೊರಳಿಗೆ ಅಳತೆಯ ಟೇಪು, ಕಿವಿಯ ಮೇಲೆ ಪೆನ್ಸಿಲ್ಲು, ತುಟಿಗಳ ನಡುವೆ ಗುಂಡುಸೂಜಿ. ಗುಂಡುಸೂಜಿ ಇರುವುದರಿಂದ ಅವರು ಮಾತಾಡುವುದಿಲ್ಲವೋ, ಮಾತಾಡಬಾರದೆಂದೇ ಗುಂಡುಸೂಜಿ ಕಚ್ಚಿಕೊಂಡಿದ್ದಾರೋ ಎನ್ನುವುದು ಬೀದಿಗೆ ಇನ್ನೂ ಬಗೆಹರಿಯದ ಪ್ರಶ್ನೆ. ದುಡ್ಡಿನಲ್ಲಿ ಅವರು ಧಾರಾಳಿ. ಮಾತಿನಲ್ಲಿ ಮಾತ್ರ ಎಂಜಲು ಕೈಯಲ್ಲಿ ಕಾಗೆ ಓಡಿಸದವರು.

ಹೆಂಡತಿಯ ಜೊತೆಗೂ ಅಷ್ಟೇ. ಕೈಗೆ ಫೋನ್ ಬಂದಾಗಿನಿಂದ ಅವರ ಸಂಸಾರ ನಡೆದದ್ದೇ ಮಿಸ್ಡ್ ಕಾಲ್ ಮೇಲೆ. ಒಂದು ರಿಂಗ್ ಕೊಟ್ಟು ಕಟ್ ಮಾಡಿದರೆ ‘ಹೊರಟೆ’ ಎಂದರ್ಥ. ಎರಡು ರಿಂಗ್ ಕೊಟ್ಟರೆ ‘ತಡವಾಗುತ್ತದೆ, ನೀನು ಊಟ ಮಾಡು’. ಮೂರನೆಯ ರಿಂಗಿನ ಅಗತ್ಯ ಅವರಿಗೆ ಯಾವತ್ತೂ ಬಿದ್ದಿರಲಿಲ್ಲ. “ಒಂದು ಮಾತು ಆಡಿದ್ರೆ ನಿಮ್ಮ ಗಂಟೇನು ಹೋಗುತ್ತೆ ರೀ?” ಎಂದು ಹೆಂಡತಿ ಕೇಳಿದಾಗಲೆಲ್ಲ ಗುಂಡುಸೂಜಿಯ ಸಂದಿನಿಂದ ಒಂದೇ ಉತ್ತರ ಬರುತ್ತಿತ್ತು: “ಫೋನಿಗೆ ದುಡ್ಡು ಹೋಗುತ್ತೆ.”

ಹೀಗಿರುವಾಗ ಮೂರು ಫೋನ್ ಕಂಪನಿಗಳವರು ಬೀದಿಯ ಮೂಲೆಯಲ್ಲಿ ಮೂರು ಕೊಡೆ ಬಿಚ್ಚಿ ಕೂತರು. ನಮ್ಮ ನಂಬರಿನಿಂದ ನಮ್ಮದೇ ನಂಬರಿಗೆ ಎಷ್ಟು ಬೇಕಾದರೂ ಮಾತಾಡಿ ಎಂದರು ಕೆಂಪು ಕೊಡೆಯವರು. ಯಾವ ನಂಬರಿಗಾದರೂ ಮಾತಾಡಿ, ಆದರೆ ಕತ್ತಲಾದ ಮೇಲೆ ಎಂದರು ನೀಲಿಯವರು. ಇಬ್ಬರೂ ಕೂಗಿ ಕೂಗಿ ಗಂಟಲು ಕಟ್ಟಿಕೊಳ್ಳುವ ಹೊತ್ತಿಗೆ ಹಳದಿ ಕೊಡೆಯ ಹುಡುಗಿ ಸದ್ದಿಲ್ಲದೆ ಒಂದು ಬೋರ್ಡು ನೇತುಹಾಕಿದಳು: ಯಾರಿಗಾದರೂ, ಯಾವಾಗಲಾದರೂ, ಎಷ್ಟಾದರೂ!

ಬೋರ್ಡು ಓದಿದ ಹೆಂಡತಿ ಮನೆಗೆ ಬಂದವಳೇ ಬ್ಯಾಗಿಗೆ ಬಟ್ಟೆ ತುಂಬಿದಳು. “ನಿಮ್ಮ ನೆಪಕ್ಕೂ ಮಣ್ಣು ಬಿತ್ತು. ಅಕ್ಕನ ಮನೆಗೆ ಹೋಗ್ತಿದ್ದೀನಿ. ಬಾಯಿಬಿಟ್ಟು ‘ಬಾ’ ಅಂತ ಕರೀರಿ, ಆವತ್ತೇ ಸಂಜೆ ಬಸ್ಸಿಗೆ ಬರ್ತೀನಿ. ಇಲ್ದಿದ್ರೆ ಆ ಹೊಲಿಗೆ ಮಿಷನ್ ಜೊತೆನೇ ಸಂಸಾರ ಮಾಡ್ಕೊಳ್ಳಿ.”

ಎರಡು ದಿನ ಮಾಸ್ತರರು ಮಿಷನ್ ಜೊತೆ ಸಂಸಾರ ಮಾಡಿ ನೋಡಿದರು. ಅದು ಕಟಕಟ ಎನ್ನುತ್ತಿತ್ತೇ ಹೊರತು ಊಟ ಆಯಿತಾ ಎಂದು ಕೇಳಲಿಲ್ಲ. ತಮಗೆ ಮೌನವೆಂದರೆ ಇಷ್ಟ ಎಂದೇ ಅವರು ಇಷ್ಟು ವರ್ಷ ತಿಳಿದಿದ್ದರು. ಅವಳ ಮಾತು ಸುತ್ತಲೂ ಇದ್ದದ್ದರಿಂದ ಆ ಮೌನ ಹಿತವಾಗಿತ್ತು ಎನ್ನುವುದು ಈಗ ತಿಳಿಯಿತು. ಮೂರನೆಯ ಬೆಳಿಗ್ಗೆ, ಗಿರಾಕಿಯ ಪ್ಯಾಂಟಿಗೆ ಎರಡೂ ಎಡಗಾಲನ್ನೇ ಹೊಲಿದಿಟ್ಟದ್ದು ಕಣ್ಣಿಗೆ ಬಿದ್ದಾಗ, ಎದ್ದು ಕೊಡೆಗಳ ಕಡೆಗೆ ನಡೆದರು.

“ಅನ್‌ಲಿಮಿಟೆಡ್ ಅಂದ್ರೆ ಎಷ್ಟಮ್ಮಾ?” ಎಂದು ಕೇಳಿದರು.

“ಇಷ್ಟೇ ಅಂತ ಇಲ್ಲ ಅಂಕಲ್,” ಎಂದಳು ಹಳದಿ ಕೊಡೆಯ ಹುಡುಗಿ.

“ಆದ್ರೂ, ಸುಮಾರು?”

“ಸುಮಾರೂ ಇಲ್ಲ. ನೀವು ಮುಗಿದ್ರೂ ಅದು ಮುಗಿಯಲ್ಲ.”

ಮಾಸ್ತರರ ಮೈ ಜುಮ್ಮೆಂದಿತು. ಅಳತೆಯಿಲ್ಲದ ವಸ್ತುವನ್ನು ಅವರು ಜನ್ಮದಲ್ಲೇ ಕಂಡವರಲ್ಲ. ಎಂಥ ಹೊಟ್ಟೆಗೂ ಟೇಪು ಒಂದು ಕೊನೆ ಹುಡುಕುತ್ತದೆ, ಎಷ್ಟೇ ದೊಡ್ಡ ಬಟ್ಟೆಯ ಥಾನಾದರೂ ಒಂದು ದಿನ ಒಳಗಿನ ಕೋಲು ತೋರಿಸುತ್ತದೆ. ಈ ಅಂಗೈಯಗಲದ ಪೆಟ್ಟಿಗೆಯೊಳಗೆ ಕೊನೆಯೇ ಇಲ್ಲದ ಥಾನು ಸುತ್ತಿಟ್ಟಿದ್ದಾರಲ್ಲ! ರೀಚಾರ್ಜ್ ಆದ ಫೋನನ್ನು ತುಂಬಿದ ಕೊಡದಂತೆ ಎರಡೂ ಕೈಯಲ್ಲಿ ಹಿಡಿದು, ತುಳುಕದ ಹಾಗೆ ಅಂಗಡಿಗೆ ತಂದರು.

ಸುದ್ದಿ ಅವರಿಗಿಂತ ಮುಂಚೆ ಬಂದು ಕೂತಿತ್ತು. ಪಕ್ಕದ ಕಟಿಂಗ್ ಶಾಪಿನವನು ಬಾಚಣಿಗೆ ಹಿಡಿದೇ ಓಡಿ ಬಂದ. “ಹಾಕಿಸಿಬಿಟ್ರಾ ಮಾಸ್ತರೆ? ನಾನು ನಾಳೆ ತನಕ ಕಾಯ್ತೀನಪ್ಪ. ಇವತ್ತು ಹಳದಿ ರೇಟು ಇಳಿಸಿದೆ, ನಾಳೆ ಕೆಂಪು ಇನ್ನೂ ಇಳಿಸುತ್ತೆ. ಅದಿರ್ಲಿ, ನಿಜವಾಗ್ಲೂ ಮುಗಿಯಲ್ವಾ ಅಂತ ಪರೀಕ್ಷೆ ಮಾಡ್ಬೇಡ್ವಾ? ‘ಬಾ’ ಅನ್ನೋ ಹೊತ್ತಿಗೆ ಕಟ್ಟಾದ್ರೆ ಅತ್ತಿಗೆ ಏನು ತಿಳ್ಕೊಳ್ತಾರೆ?”

ಮಾತು ನ್ಯಾಯವಾಗಿಯೇ ಇತ್ತು. ಮಾಸ್ತರರಿಗೆ ಒಳಗೊಳಗೇ ಸಮಾಧಾನವೂ ಆಯಿತು. ‘ಬಾ’ ಎನ್ನುವುದೇನೋ ಒಂದೇ ಅಕ್ಷರ, ಆದರೆ ಅದರ ಹಿಂದೆ ಮುಂದೆ ಏನು ಹೊಲಿಯಬೇಕೆಂದು ಅವರಿಗಿನ್ನೂ ಹೊಳೆದಿರಲಿಲ್ಲ. ಫೋನ್ ಕೊಟ್ಟರು.

ಕಟಿಂಗ್ ಶಾಪಿನವನು ಫೋನನ್ನು ಕಿವಿಗೂ ಹೆಗಲಿಗೂ ಸಿಕ್ಕಿಸಿಕೊಂಡು ತನ್ನ ಭಾವಮೈದುನನಿಗೆ ಊರಿನ ಕತೆಯನ್ನೆಲ್ಲ ಹೇಳತೊಡಗಿದ. ಕುರ್ಚಿಯಲ್ಲಿದ್ದ ಗಿರಾಕಿ ಕ್ಷೌರ ಮುಗಿದರೂ ಕತೆ ಮುಗಿಯಲಿ ಎಂದು ಏಳಲಿಲ್ಲ. ಕೊನೆಗೆ ಫೋನ್ ವಾಪಸು ಕೊಟ್ಟಾಗ ಅವನ ಕಣ್ಣುಗಳು ಅರಳಿದ್ದವು. “ನನ್ನ ಹೊಟ್ಟೆಯಲ್ಲಿದ್ದದ್ದೇ ಖಾಲಿಯಾಯ್ತು ಮಾಸ್ತರೆ, ಇದು ಖಾಲಿಯಾಗ್ಲಿಲ್ಲ!”

ಎದುರಿನ ಬೇಕರಿ ಅಕ್ಕ ಒಂದೇ ಪರೀಕ್ಷೆಯನ್ನು ನಂಬುವವಳಲ್ಲ. ಫೋನ್ ಕಸಿದುಕೊಂಡು ದೂರದಲ್ಲಿರುವ ಮಗಳಿಗೆ ಹಚ್ಚಿದಳು. ಬೈದಳು, ಅತ್ತಳು, ನಕ್ಕಳು, ಏನೋ ನೆನಪಾಗಿ ಮತ್ತೆ ಬೈದಳು. ಒಲೆಯಲ್ಲಿ ಒಂದು ತಟ್ಟೆ ಬನ್ನು ಕರಕಾಯಿತು. “ಮೊದಲೆಲ್ಲ ಅವಸರದಲ್ಲಿ ಬೈಬೇಕಿತ್ತು ಮಾಸ್ತರೆ, ಅರ್ಧ ಒಳಗೇ ಉಳೀತಿತ್ತು. ಇವತ್ತು ವಿವರವಾಗಿ ಬೈದೆ. ಎಷ್ಟು ಹಗುರಾಯ್ತು ಗೊತ್ತಾ?” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮಾಸ್ತರರು ಬೆರಗಾಗಿ ನೋಡುತ್ತಿದ್ದರು. ಇವರೆಲ್ಲರ ಒಳಗೆ ಇಷ್ಟೊಂದು ಮಾತಿತ್ತೆ? ಇಷ್ಟು ದಿನ ಎಲ್ಲಿ ಮಡಚಿಟ್ಟಿದ್ದರು?

ಅಷ್ಟರಲ್ಲಿ ಬೀಗ ರಿಪೇರಿಯ ಅಜ್ಜ ಬಂದು ಕೈಚಾಚಿದ. ಮಾಸ್ತರರನ್ನು ಬಿಟ್ಟರೆ ಬೀದಿಯಲ್ಲಿ ಮಾತಾಡದ ಎರಡನೆಯ ಮನುಷ್ಯ ಅವನೇ. ತಂಗಿಯ ನಂಬರಿಗೆ ಹಚ್ಚಿ “ನಾನು” ಎಂದ. ಆ ಕಡೆಯಿಂದ ಏನೋ ಒಂದು ಮಾತು ಬಂತು. ಆಮೇಲೆ ಇಬ್ಬರೂ ಸುಮ್ಮನಾದರು. ಅಜ್ಜ ಕಣ್ಣುಮುಚ್ಚಿ, ಫೋನನ್ನು ಕಿವಿಗೊತ್ತಿಕೊಂಡು ಕೂತೇ ಇದ್ದ.

“ಕಟ್ಟಾಯ್ತಾ ಅಜ್ಜಾ?” ಎಂದು ಮಾಸ್ತರರು ಪಿಸುಗುಟ್ಟಿದರು.

“ಇಲ್ಲಪ್ಪ. ಅವಳು ಅವರೆಕಾಯಿ ಸುಲೀತಿದ್ದಾಳೆ, ಕೇಳಿಸ್ತಿದೆ.” ಅಜ್ಜ ಕಣ್ಣು ತೆರೆಯಲಿಲ್ಲ. “ಸುಮ್ನಿರೋಕೂ ದುಡ್ಡಿಲ್ಲ ಅಲ್ವಾ?”

ಅಂಥವನ ಕೈಯಿಂದ ಫೋನ್ ಕಿತ್ತುಕೊಳ್ಳುವುದು ಹೇಗೆ? ಮಾಸ್ತರರು ಗೋಡೆ ಗಡಿಯಾರ ನೋಡುತ್ತ, ಮನಸ್ಸಿನಲ್ಲೇ ವಾಕ್ಯ ಹೊಲಿಯುತ್ತ, ಬಿಚ್ಚುತ್ತ ಕೂತರು. ಅಜ್ಜ ತಾನಾಗಿಯೇ ಫೋನ್ ಕೊಡುವ ಹೊತ್ತಿಗೆ ಬಿಸಿಲು ಅಂಗಡಿಯ ಮೆಟ್ಟಿಲಿಳಿದು ಹೋಗಿತ್ತು.

“ಅಯ್ಯೋ ಮಾಸ್ತರೆ, ಸಂಜೆ ಬಸ್ಸು ಅತ್ತಿಗೆ ಇರೋ ಊರಿಗೆ ಬರೋ ಹೊತ್ತಾಯ್ತು! ಹಚ್ಚಿ, ಹಚ್ಚಿ!” ಎಂದು ಬೇಕರಿ ಅಕ್ಕ ಕಿರುಚಿದಳು.

ಮಾಸ್ತರರು ಗುಂಡುಸೂಜಿ ಉಗುಳಿದರು. ಬೀದಿ ಉಸಿರು ಬಿಗಿಹಿಡಿಯಿತು. ವಾಕ್ಯ ತಯಾರಿತ್ತು: ‘ನೀನಿಲ್ಲದೆ ಮನೆ ಮನೆಯ ಹಾಗಿಲ್ಲ, ಬಾ.’ ನಂಬರ್ ಒತ್ತಿದರು. ಆ ಕಡೆ ಒಂದು ರಿಂಗ್ ಆಯಿತು. ಬಾಯಿ ತೆರೆದರು. ಇಡೀ ದಿನ ಪರೀಕ್ಷೆ ಬರೆದು ದಣಿದ ಫೋನು ಅಷ್ಟಕ್ಕೇ ಕಪ್ಪಾಗಿ ಕಣ್ಣುಮುಚ್ಚಿತು.

“ರಿಂಗ್ ಆಯ್ತು ತಾನೇ? ಸಾಕು ಬಿಡಿ, ಕರೆದಿದ್ದೀರಿ ಅಂತ ಗೊತ್ತಾಗುತ್ತೆ. ಬಂದೇ ಬರ್ತಾರೆ,” ಎಂದು ಬೇಕರಿ ಅಕ್ಕ ಫೋನನ್ನು ತನ್ನ ಅಂಗಡಿಯಲ್ಲಿ ಚಾರ್ಜಿಗಿಟ್ಟಳು. ಕಟಿಂಗ್ ಶಾಪಿನವನು ಮಾಸ್ತರರ ತಲೆ ಬಾಚಿದ. ಮಾಸ್ತರರು ಶರ್ಟು ಬದಲಿಸಿ ಬಸ್ ಸ್ಟಾಪಿಗೆ ಹೋಗಿ ನಿಂತರು.

ಬಸ್ಸು ಬಂತು. ಎಲ್ಲರೂ ಇಳಿದರು. ಹೆಂಡತಿ ಇಳಿಯಲಿಲ್ಲ.

ಕಂಡಕ್ಟರ್ ಅವರನ್ನು ಕಂಡು ದೆವ್ವ ಕಂಡವನಂತೆ ಬೆಚ್ಚಿದ. “ಏನ್ ಮಾಸ್ತರೆ, ನೀವು ಇಲ್ಲೇ ಇದ್ದೀರಾ? ನೀವು ಅನ್‌ಲಿಮಿಟೆಡ್ ಹಾಕಿಸಿದ್ದನ್ನ ಬೆಳಗಿನ ಟ್ರಿಪ್ಪಲ್ಲೇ ನಾನು ಅವರಿಗೆ ಹೇಳಿದ್ದೆ. ‘ಪಾಪ, ನನಗೋಸ್ಕರ ಹಾಕಿಸಿದ್ದಾರೆ, ಕರೆಯದಿದ್ರೂ ಪರವಾಗಿಲ್ಲ, ಹೋಗಿಬಿಡ್ತೀನಿ’ ಅಂತ ಸಂಜೆ ಬ್ಯಾಗ್ ಸಮೇತ ಬಂದು ಬಸ್ ಹತ್ತಿದ್ರು. ಸೀಟಲ್ಲೂ ಕೂತಿದ್ರು. ಅಷ್ಟರಲ್ಲಿ ನಿಮ್ಮದು ಒಂದು ರಿಂಗ್ ಬಂತು, ಕಟ್ಟಾಯ್ತು.”

“ಆಮೇಲೆ?”

“‘ಅವರೇ ಹೊರಟಿದ್ದಾರೆ!’ ಅಂತ ಕೂಗಿ ಇಳಿದುಬಿಟ್ರು.”

ಮಾಸ್ತರರು ಬಸ್ಸಿನ ಬಾಗಿಲು ಹಿಡಿದುಕೊಂಡರು. “ಈ ಬಸ್ಸು ವಾಪಸ್ ಯಾವಾಗ?”

“ನಾಳೆ ಬೆಳಿಗ್ಗೆ.”

ಓಡಿಕೊಂಡು ಬೇಕರಿಗೆ ಬಂದರೆ ಫೋನ್ ಬಡಿದುಕೊಳ್ಳುತ್ತಿತ್ತು.

“ರೀ, ಎಲ್ಲಿದ್ದೀರಿ?” ಎಂದಳು ಹೆಂಡತಿ. “ಕರೀರಿ ಅಂದ್ರೆ ನೀವೇ ಹೊರಟುಬಿಟ್ರಲ್ಲ! ಮದುವೆಯಾದಾಗಿನಿಂದ ಒಂದು ಸಲಾನೂ ಕರ್ಕೊಂಡು ಹೋಗೋಕೆ ಬಂದವರಲ್ಲ. ಅಕ್ಕನ ಬೀದಿಗೆಲ್ಲ ಹೇಳಿದ್ದೀನಿ, ಎಲ್ಲಾ ಬಾಗಿಲಲ್ಲಿ ನಿಂತು ಕಾಯ್ತಿದ್ದಾರೆ.”

ಅಷ್ಟು ಸಂತೋಷದ ದನಿಯನ್ನು ಮಾಸ್ತರರು ಅವಳಲ್ಲಿ ಕೇಳಿಯೇ ಇರಲಿಲ್ಲ. ನಿಜ ಹೇಳಲೆಂದು ತೆರೆದ ಬಾಯಿ ಹಾಗೇ ನಿಂತಿತು. ಕಟಿಂಗ್ ಶಾಪಿನವನು ಎಲ್ಲ ಕೇಳಿಸಿಕೊಂಡು ತನ್ನ ಸೈಕಲ್ಲನ್ನು ಅವರ ಮುಂದೆ ತಂದು ನಿಲ್ಲಿಸಿದ.

“ಹೊರಟಿದ್ದೀನಿ,” ಎಂದರು ಮಾಸ್ತರರು. “ಸೈಕಲ್ಲಲ್ಲಿ.”

“ಸೈಕಲ್ಲಲ್ಲಾ! ಆ ದಿಣ್ಣೆ ಹತ್ಕೊಂಡಾ?” ಅವಳ ದನಿ ಮೆತ್ತಗಾಯಿತು: “ಹಾಗಾದ್ರೆ ಫೋನ್ ಇಡ್ಬೇಡಿ. ದಾರಿಯುದ್ದಕ್ಕೂ ಮಾತಾಡ್ತಾನೇ ಬನ್ನಿ. ಇಷ್ಟು ವರ್ಷದ್ದೆಲ್ಲಾ ನಾನು ಇವತ್ತೇ ಕೇಳ್ಬೇಕು.”

“ಬ್ಯಾಟರಿ ಸ್ವಲ್ಪ ಕಡಿಮೆ...” ಎಂದು ಮಾಸ್ತರರು ಕೊನೆಯ ಆಸೆಯಿಂದ ಶುರುಮಾಡಿದರು.

ಬೇಕರಿ ಅಕ್ಕ ತನ್ನ ಪವರ್ ಬ್ಯಾಂಕನ್ನು ಅವರ ಜೇಬಿಗೆ ತುರುಕಿದಳು. “ಬೆಳಗಿನ ತನಕ ಬರುತ್ತೆ, ಹೋಗಿ ಬನ್ನಿ ಮಾಸ್ತರೆ.” ಬೀಗದ ಅಜ್ಜ ಇಯರ್‌ಫೋನ್ ತಂದು ಕಿವಿಗೆ ಸಿಕ್ಕಿಸಿದ.

ಮಾಸ್ತರರು ಪೆಡಲ್ ತುಳಿದರು. ದಿನವಿಡೀ ಹೊಲಿದ ಆ ಒಂದು ವಾಕ್ಯ ಬೀದಿಯ ಮೂಲೆ ತಲುಪುವಷ್ಟರಲ್ಲೇ ಮುಗಿದುಹೋಯಿತು. “ಹೂಂ, ಆಮೇಲೆ? ಹೇಳಿ ರೀ,” ಎಂದು ಕಿವಿಯಲ್ಲಿ ಹೆಂಡತಿ ಕಾಯುತ್ತಿದ್ದಳು. ಎದುರಿಗೆ ದಿಣ್ಣೆ ಆಕಾಶದವರೆಗೆ ಎದ್ದು ನಿಂತಿತ್ತು.

ಹಳದಿ ಕೊಡೆ ಮಡಚುತ್ತಿದ್ದ ಹುಡುಗಿ, ಅವರ ಮುಖ ಕಂಡು, ಧೈರ್ಯ ತುಂಬಲೆಂದು ಕೂಗಿ ಹೇಳಿದಳು:

“ಹೆದರ್ಬೇಡಿ ಅಂಕಲ್, ನೀವು ಮುಗಿದ್ರೂ ಅದು ಮುಗಿಯಲ್ಲ!”