ಬರುವಾಗ ಗಂಡನ್ನೂ ಕರಕೊಂಡು ಬರ್ರಿ

ಮಾನ ಮುಚ್ಚಿಕೊಳ್ಳಲು ಹೋದಲ್ಲೇ ಮನುಷ್ಯನ ಮಾನ ಹೋಗುತ್ತದೆ. ಇಂಥ ಪ್ರಸಂಗ ನಮ್ಮ ದವಾಖಾನೆಯಲ್ಲಿ ವಾರಕ್ಕೊಂದಾದರೂ ನಡೆಯುತ್ತಿತ್ತು. ಎರಡು ಸಾವಿರದ ಇಸವಿಯ ಆಚೀಚೆ, ಪುಣೆಯ ಸ್ವಾರಗೇಟ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ದವಾಖಾನೆಯಲ್ಲಿ ನಾನು ಸಮಾಲೋಚಕಿ. ಹೆಸರು ದೊಡ್ಡದು, ಕೋಣೆ ಸಣ್ಣದು. ಲೈಂಗಿಕ ಸೋಂಕು ತಗುಲಿದವರಿಗೆ ಬುದ್ಧಿ ಹೇಳಿ, ಅವರ ಜೋಡಿಯನ್ನೂ ಕರೆಸಿ ಪರೀಕ್ಷೆ ಮಾಡಿಸುವುದು ನನ್ನ ಕೆಲಸ. ನಮ್ಮ ಡಾಕ್ಟರು ಅಪ್ಪಟ ಮರಾಠಿಯವರು. ಬರುವವರಲ್ಲಿ ಅರ್ಧ ಮಂದಿ ಕಲಬುರ್ಗಿ, ವಿಜಾಪುರದ ಕಡೆಯವರು, ಅಕ್ಕಾವ್ರೇ ಅನ್ನುವಂತೆ ನನ್ನನ್ನು ‘ಬಾಯಾರ’ ಅನ್ನುವವರು. ನಾನೂ ವಿಜಾಪುರದವಳೇ ಆದ್ದರಿಂದ ಅವರನ್ನು ಬೈಯುವ ಕೆಲಸ ನನ್ನ ಪಾಲಿಗೆ ಬಂತು. ಬೈಯುವುದು ನನಗೆ ಮೊದಲಿನಿಂದಲೂ ಇಷ್ಟ.

೧. ಹಲ್ಲಿನ ಸಾಲು

ನಮ್ಮ ಬಾಗಿಲ ಮೇಲೆ ‘ಗುಪ್ತರೋಗ ವಿಭಾಗ’ ಎಂದು ಕೆಂಪಕ್ಷರದಲ್ಲಿ ಬರೆಸಿ, ಬಾಣದ ಗುರುತು ಬೇರೆ ಹಾಕಿಸಿದ್ದರು. ರಸ್ತೆಯ ಬಸ್ಸಿನಲ್ಲಿ ಕೂತವರಿಗೂ ಕಾಣುವಷ್ಟು ಗುಪ್ತ! ಹೀಗಾಗಿ ಗಂಡಸರು ನಮ್ಮ ಬೆಂಚಿನ ಮೇಲೆ ಕೂರುತ್ತಲೇ ಇರಲಿಲ್ಲ. ಪಕ್ಕದ ಹಲ್ಲಿನ ಡಾಕ್ಟರ ಸಾಲಿನಲ್ಲಿ ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೂತು, ಯಾರೂ ನೋಡದಾಗ ಪಟಕ್ಕನೆ ನಮ್ಮೊಳಗೆ ನುಗ್ಗುತ್ತಿದ್ದರು.

ಒಮ್ಮೆ ಅರಿವೆ ಅಂಗಡಿಯ ಸಾಹುಕಾರರೊಬ್ಬರು ಹೀಗೇ ಕೂತಿದ್ದಾಗ ಅವರ ಗಿರಾಕಿಯೊಬ್ಬ ಬಂದು ಮಗ್ಗುಲಲ್ಲೇ ಕೂತ. ಇನ್ನು ಏಳುವಂತಿಲ್ಲ. ಸರದಿ ಬಂತು, ಹಲ್ಲಿನ ಡಾಕ್ಟರ ಕೋಣೆಗೇ ಹೋದರು. ಆ ಡಾಕ್ಟರು ಹೊಸಬರು, ಹುರುಪಿನವರು. ಯಾವ ಹಲ್ಲು ಎಂದು ಕೇಳಿದಾಗ ಸಾಹುಕಾರರು ಗಾಬರಿಯಲ್ಲಿ ಒಂದಕ್ಕೆ ಬೆರಳು ಹಚ್ಚಿದರು. ಅರ್ಧ ತಾಸಿನ ಮೇಲೆ ಬಾಯಲ್ಲಿ ಹತ್ತಿ ಕಚ್ಚಿಕೊಂಡು ನನ್ನೆದುರು ಬಂದು ಕೂತರು.

“ಚಲೋ ಹಲ್ಲು ಯಾಕ ಕೀಳಿಸಿಕೊಂಡ್ರಿ?” ಅಂದೆ.

“ಹೋಗವಲ್ದ್ಯಾಕ್ರಿ ಬಾಯಾರ, ಹಲ್ಲು ಮೂವತ್ತೆರಡು ಅದಾವ, ಮಾನ ಒಂದೇ.”

ಮುಂದಿನ ಸಲ ಬರುವಾಗ ಹೆಂಡತಿಯನ್ನೂ ಕರೆತರಲು ಹೇಳಿದೆ. ಸಾಹುಕಾರರು ಎರಡೂ ಕೈ ಜೋಡಿಸಿದರು.

“ಬ್ಯಾಡ್ರಿ, ಅಕಿ ಹಲ್ಲು ಭಾಳ ಗಟ್ಟಿ ಅದಾವ!”

೨. ಒಂದೇ ಮನೆ, ಒಂದೇ ಮೀಟರ್

ಪುಣೆಯದೇ ಬಡಾವಣೆ ಧನಕವಡಿಯಿಂದ ಕಲಬುರ್ಗಿ ಕಡೆಯ ಹೆಣ್ಣುಮಗಳೊಬ್ಬಳು ಬಂದಳು. ಮದುವೆಯಾಗಿ ಕೆಲವು ವರ್ಷವಾಗಿತ್ತು. ಗಂಡನ ಹೆಸರೇನು ಎಂದರೆ ಸೆರಗನ್ನು ಬಾಯಿಗೊತ್ತಿಕೊಂಡಳು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಹಾಗೆಲ್ಲ ಹೇಳುವುದಿಲ್ಲ. ಹೇಳಿದರೆ ಪ್ರಾಸದ ಪದ್ಯದೊಳಗೆ ಹೆಸರು ಸೇರಿಸಿ, ಒಡಪು ಕಟ್ಟಿಯೇ ಹೇಳಬೇಕು, ಅದೂ ಕಾರ್ಯದ ಮನೆಯಲ್ಲಿ.

“ಹಂಗಾರ ಒಡಪು ಹಾಕೇ ಹೇಳವಾ,” ಅಂದೆ.

ಅವಳು ತಲೆ ತಗ್ಗಿಸಿ ಶುರು ಮಾಡಿಯೇ ಬಿಟ್ಟಳು: “ಶೇಂಗಾ ಹೋಳಗಿ ಮ್ಯಾಲ ತುಪ್ಪದ ಧಾರಿ, ಇಂಥಾ ರಾಯರು ಹಿಡದಾರ ಪುಣೆದ ದಾರಿ.”

‘ಇಂಥಾ’ ಅಂದದ್ದು ನಾನು. ಅವಳು ಹೆಸರನ್ನೇ ಹೇಳಿದಳು, ಆದರೆ ಗುಟ್ಟು ಕಾಯುವುದು ನಮ್ಮ ಕಸುಬು. ಮರಾಠಿಯಲ್ಲಿ ಒಡಪಿಗೆ ಉಖಾಣಾ ಅನ್ನುತ್ತಾರೆ, ಪ್ರಾಸ ಕಿವಿಗೆ ಬಿದ್ದದ್ದೇ ಡಾಕ್ಟರು ಕುರ್ಚಿಯಲ್ಲೇ ಕುಣಿದರು. “ವ್ವಾ ತಾಯಿ, ಛಾನ್ ಉಖಾಣಾ!” ಎಂದು ಚಪ್ಪಾಳೆ ತಟ್ಟಿದರು.

ಆಮೇಲೆ ನಗು ನಿಂತಿತು. ಅವಳಿಗೆ ಸೋಂಕಿತ್ತು. ಮದ್ದು ಕೊಟ್ಟೆವು. ಗಂಡನಿಗೂ ಕೊಡದಿದ್ದರೆ ಅದು ಮತ್ತೆ ಮತ್ತೆ ಬರುತ್ತದೆ, ಹೀಗೇ ಬರುತ್ತಿದ್ದರೆ ಮಕ್ಕಳಾಗುವುದು ಕಷ್ಟ ಎಂದರು ಡಾಕ್ಟರು. ಅವಳಿಗೆ ಕೂಸು ಬೇಕಿತ್ತು. ಅತ್ತೆ ಆಗಲೇ ಬಂಜಿ ಎಂದು ಕರೆಯತೊಡಗಿದ್ದಳು.

ಅಂತೂ ಗಂಡ ಒಂದು ದಿನ ಬಾಗಿಲ ತನಕ ಬಂದ. ವಾಕಡದ ಹೊಸ ಕಟ್ಟಡಗಳಲ್ಲಿ ವೈರಿಂಗ್ ಮಾಡುವವನು. ಕರೆಂಟಿಗೆ ಅಂಜದ ಆಸಾಮಿ ನನ್ನ ಮೇಜಿನ ಸೂಜಿ ನೋಡಿ ಹೊಸ್ತಿಲಲ್ಲೇ ನಿಂತ.

“ಅಕಿಗೆ ಸೂಜಿ ಮಾಡೀರಲ್ಲ, ಸಾಕು ಬಿಡ್ರಿ. ಒಂದ ಮನಿ, ಒಂದ ಮೀಟರ್. ಅಕಿಗೆ ಆರಾಮ ಆತಂದ್ರ ನನಗೂ ಆತು.”

“ಮೀಟರ್ ಒಂದೇ ಖರೆ,” ಅಂದೆ, “ಹೊರಗ ಎಲ್ಲೆಲ್ಲಿ ವೈರ್ ಎಳದೀರಿ, ಅದನ್ನ ಹೇಳ್ರಿ.”

ಕಾಲಿಗೆ ಬುದ್ಧಿ ಹೇಳಿದವನು ಬಸ್ ಸ್ಟ್ಯಾಂಡಿನ ತನಕ ಹಿಂದೆ ತಿರುಗಿ ನೋಡಲಿಲ್ಲ.

೩. ಎಷ್ಟು ಗುಣ ಕೂಡಿತು?

ಎಲ್ಲರೂ ಹೀಗೇ ಓಡುತ್ತಿರಲಿಲ್ಲ. ಬೆಂಗಳೂರು ಕಡೆಯ ಹುಡುಗಿಯೊಬ್ಬಳು, ಕಂಪ್ಯೂಟರ್ ಕಂಪನಿಯವಳು, ತಾನು ಮದುವೆಯಾಗಲಿದ್ದ ಹುಡುಗನನ್ನು ತಾನೇ ಎಳೆದುಕೊಂಡು ಬಂದಳು. “ನಾನೂ ಮಾಡಿಸ್ಕೋತೀನಿ, ನೀನೂ ಮಾಡಿಸ್ಕೋ. ಇಲ್ಲಾಂದ್ರೆ ಛತ್ರ ಕ್ಯಾನ್ಸಲ್.” ಹುಡುಗನ ಹಿಂದೆ ರೇಷ್ಮೆ ಸೀರೆಯುಟ್ಟ ಅವನ ತಾಯಿ. ರಾಹುಕಾಲ ಕಳೆಯುವವರೆಗೆ ಇಬ್ಬರ ರಕ್ತವನ್ನೂ ಮುಟ್ಟಗೊಡಲಿಲ್ಲ ಆಕೆ.

ವರದಿ ಬಂದ ದಿನ ಆ ತಾಯಿ ಜಾತಕಕ್ಕೆ ಹಚ್ಚಿದಂತೆ ಎರಡಕ್ಕೂ ಕುಂಕುಮ ಹಚ್ಚಿ, “ಎಷ್ಟು ಗುಣ ಕೂಡಿದೆ?” ಎಂದು ಕೇಳಿದರು.

“ಇಬ್ಬರದೂ ಎಲ್ಲಾ ನೆಗೆಟಿವ್, ಆಂಟಿ,” ಎಂದಳು ಹುಡುಗಿ ಖುಷಿಯಿಂದ.

ಆಕೆ ಎದೆ ಹಿಡಿದುಕೊಂಡರು. “ಅಯ್ಯೋ ಶಿವನೇ, ಒಂದೂ ಕೂಡ್ಲಿಲ್ವಾ!”

೪. ಒಡಪಿನ ಏಟು

ನಮ್ಮ ವೈರಿಂಗ್‌ನವನ ಹೆಂಡತಿ ಮತ್ತೆ ಬಂದಳು. ಅದೇ ಸೋಂಕು. ಮದ್ದು ತೆಗೆದುಕೊಂಡು ಹೋಗಿ, ಇನ್ನೊಮ್ಮೆ ಬಂದಳು. “ಇನ್ನೇನ ಮಾಡ್ಲಿರಿ? ಅತ್ತರೂ ಬರಂಗಿಲ್ಲ, ಜಗಳ ತಗದ್ರೂ ಬರಂಗಿಲ್ಲ,” ಅಂದಳು. ನನಗೆ ಸಿಟ್ಟಿನಿಂದ ಕಣ್ಣೀರು ಬಂತು. ಬೈಗುಳ ನನ್ನಲ್ಲಿ ಬೇಕಾದಷ್ಟಿತ್ತು, ಬೈಸಿಕೊಳ್ಳಬೇಕಾದವನು ಕೈಗೆ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಅವಳ ಓಣಿಯಲ್ಲಿ ಒಬ್ಬ ಬಸುರಿಗೆ ಉಡಿ ತುಂಬುವ ಕುಬಸದ ಕಾರ್ಯ. ಬಸುರಿ ನಮ್ಮ ವಿಜಾಪುರದ ಕಡೆಯವಳಾದ್ದರಿಂದ ನನಗೂ ಕರೆಯಿತ್ತು. ಉಡಿ ತುಂಬಿದ ಮೇಲೆ ಹೆಂಗಸರು ಒಬ್ಬೊಬ್ಬರಿಂದಲೂ ಒಡಪು ಹೇಳಿಸತೊಡಗಿದರು. ಇವಳ ಸರದಿ ಬಂದಾಗ ಮೂಲೆಯಿಂದ ಯಾರೋ, “ನಿನ್ನ ಕುಬಸ ಯಾವಾಗವಾ?” ಅಂದರು. ಅತ್ತೆ ಮುಖ ಸಿಂಡರಿಸಿದಳು. ಇವಳು ಎದ್ದು ನಿಂತಳು. ಈ ಸಲ ತಲೆ ತಗ್ಗಿಸಲಿಲ್ಲ.

“ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾನಕ,
ಕರೆಂಟಿಗೆ ಅಂಜಂಗಿಲ್ಲ ನಮ್ಮ ಮನಿ ನಾಯಕ,
ಸೂಜಿ ನಾ ಒಬ್ಬಾಕೇ ಚುಚ್ಚಿಸ್ಕೊಳ್ಳಲಿ ಎಲ್ಲೀತನಕ?
ಇಂಥಾ ರಾಯರ ಹೆಸರು ಹೇಳತೀನಿ ಅವರು ದವಾಖಾನಿಗೆ ಬರೂತನಕ!”

ಹೆಸರು ನಾನು ಈಗಲೂ ಹೇಳುವುದಿಲ್ಲ. ಅಂದು ಇಡೀ ಓಣಿ ಕೇಳಿತು, ಆ ಮಾತು ಬೇರೆ. ಯಾವ ರೋಗ ಎಂದು ಮಾತ್ರ ಬಾಯಿಬಿಡಲಿಲ್ಲ, ಜಾಣೆ. ಹೊರಗೆ ಗಂಡಸರ ಪಂಕ್ತಿಯಲ್ಲಿ ಕೂತಿದ್ದ ಗಂಡನ ತುತ್ತು ಕೈಯಲ್ಲೇ ಉಳಿಯಿತು. ಅತ್ತೆ ಬಾಗಿಲಿಗೆ ಬಂದು ಮಗನನ್ನು ದಿಟ್ಟಿಸಿದಳು. “ಯಾಕಲೇ, ತ್ರಾಸ ನಿಂದೇನು? ನಾ ಸುಮ್ಮನ ಅಕಿನ್ನ ಅಂದ್ನಲ್ಲೋ!” ಹೆಂಗಸರು ಬಿದ್ದು ಬಿದ್ದು ನಕ್ಕರು. ಇವಳು ಗಂಟಲು ಸರಿಮಾಡಿಕೊಂಡು ಎರಡನೆಯ ಒಡಪಿಗೆ ತಯಾರಾದಳು.

ಮರುದಿನ ಬೆಳಿಗ್ಗೆ ನೋಡಿದರೆ ವೈರಿಂಗ್ ಆಸಾಮಿ ಹಲ್ಲಿನ ಸಾಲಿನಲ್ಲಿ ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಾನೆ!

“ಲಗೂನ ಒಳಗ ಬರ್ರಿ,” ಅಂದೆ, “ಅಲ್ಲಿ ಕೂತ್ರ ಹಲ್ಲೂ ಹೋಗತದ.”

ಕಣ್ಣು ಮುಚ್ಚಿಕೊಂಡು ರಕ್ತ ಕೊಟ್ಟ, ಸೂಜಿಯನ್ನೂ ಚುಚ್ಚಿಸಿಕೊಂಡ. ಇಬ್ಬರೂ ಪೂರ್ತಿ ಮದ್ದು ಮುಗಿಸಿದರು. ಸೋಂಕು ಮತ್ತೆ ಬರಲಿಲ್ಲ.

ಮರುವರ್ಷ ಅವಳದೇ ಕುಬಸ. ಹಸಿರು ಬಳೆ ತೊಟ್ಟು ಕೂತವಳನ್ನು ನೋಡಿ, ಬೈಯುವುದೊಂದೇ ಗೊತ್ತಿದ್ದ ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಗಂಡನೂ ಹೆಂಡತಿಯ ಹೆಸರಿಗೆ ಒಂದು ಒಡಪು ಹೇಳಲೇಬೇಕೆಂದು ಹೆಂಗಸರು ಸುತ್ತುಗಟ್ಟಿದರು. ಅವನು ಅತ್ತಿತ್ತ ನೋಡಿದ, ಓಡಲು ದಾರಿ ಕಾಣಲಿಲ್ಲ. ಸೀದಾ ನನ್ನ ಹತ್ತಿರ ಬಂದು ಅಂಗಿಯ ತೋಳು ಮಡಚಿ ಕೈ ಚಾಚಿದ.

“ಬೇಕಾದ್ರ ಇನ್ನೊಂದು ಸೂಜಿ ಚುಚ್ಚ್ರಿ ಬಾಯಾರ, ಒಡಪು ಮಾತ್ರ ಒಲ್ಲೆ!”